ಫಕೀರಮ್ಮನ ಕೋಶಗಳು

ಫಕೀರಮ್ಮ ತೀರಿಕೊಂಡು ವರ್ಷ ಕಳೆದಿದ್ದರೂ ಅವಳ ಬಾಯಿಂದ ತೆಗೆದ ಗಂಟು ಕೊಪ್ಪಳದಲ್ಲಿ ಇನ್ನೂ ಬೆಳೆಯುತ್ತಲೇ ಇತ್ತು. ಊರ ಹೊರಗಿನ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮೇಲಿನ ಮಹಡಿಯಲ್ಲಿ, ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯೊಳಗೆ, ಕೆಂಪು ದ್ರವದ ಚಪ್ಪಟೆ ಬಾಟಲಿಗಳಲ್ಲಿ ಅವಳ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಿದ್ದವು. ಅವಳ ಊರಿನ ಹೆಸರನ್ನೇ ಹಿಡಿದು ಅವಕ್ಕೆ ‘ಸಿದ್ದಾಪುರ-ಒಂದು’ ಎಂದು ಕರೆಯುತ್ತಿದ್ದರು. ಪಿಎಚ್.ಡಿ.ಗೆ ಸೇರಿದಾಗಿನಿಂದ ನೇತ್ರಾವತಿ ಸಾಕಿಕೊಂಡು ಬಂದದ್ದು ಆ ಕೋಶಗಳನ್ನೇ. ಹಬ್ಬಕ್ಕೆ ತನ್ನೂರು ತಳಕಲ್ಲಿಗೆ ಹೋದರೂ ಮರುದಿನವೇ ಬಸ್ ಹತ್ತಿ ಬರುತ್ತಿದ್ದಳು. ಕಂಡಕ್ಟರ್ ಕೆಲಸದ ಅಪ್ಪ ರಾಮಾಂಜನೇಯ, “ಎಮ್ಮಿ ಕಟ್ಟಿದ್ರ ಹಾಲರ ಕೊಡ್ತಿತ್ತು, ನೀ ಏನ್ ಕಟ್ಟೀದಿಯವ್ವಾ?” ಎಂದು ನಗುತ್ತಿದ್ದ.

ಕೇಂದ್ರದಲ್ಲಿ ಅವಳಂಥ ಹುಡುಗ ಹುಡುಗಿಯರನ್ನು ಸಂಶೋಧನೆಗೆ ತಯಾರು ಮಾಡುವ ಹೊಣೆ ಡಾ. ಭವಾನಿಯವರದು. ಕುಷ್ಟಗಿಯ ಅಡತಿ ಅಂಗಡಿ ಮನೆತನದವರು, ಮುಂಬೈಯಲ್ಲಿ ಓದಿ ಬಂದವರು. ಹೊಸಬರಿಗೆ ಅವರು ಮೊದಲು ಪ್ರಯೋಗಾಲಯ ತೋರಿಸುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ, ಗುಟಕಾದಿಂದ ಬಾಯಿ ಬಿಗಿದು ಒಂದು ಬೆರಳೂ ಒಳಗೆ ಹೋಗದವರ ಪಕ್ಕದಲ್ಲಿ ಕೂರಿಸುತ್ತಿದ್ದರು. ಆಮೇಲೆ ಹೇಳುತ್ತಿದ್ದದ್ದು ಒಂದೇ ಮಾತು: “ನಿಮಗ ಸಿಕ್ಕ ಉತ್ತರದ ಮ್ಯಾಲೆ ಸಂಶಯ ಪಡ್ರಿ. ಛಲೋ ಉತ್ತರ ಸಿಕ್ತಂದ್ರ ಇನ್ನಷ್ಟು ಸಂಶಯ ಪಡ್ರಿ. ನಾ ಹೇಳಿದ್ದನ್ನೂ ಹಂಗ ನಂಬಬ್ಯಾಡ್ರಿ.”

ಗಂಟಿನ ತುಣುಕು ಕೊಟ್ಟವರನ್ನು ವರ್ಷಕ್ಕೊಮ್ಮೆ ಕರೆದು ಊಟ ಹಾಕುವ ಪದ್ಧತಿಯನ್ನೂ ಭವಾನಿಯವರೇ ತಂದಿದ್ದರು. ನೇತ್ರಾವತಿ ಫಕೀರಮ್ಮನನ್ನು ನೋಡಿದ್ದು ಅಲ್ಲಿಯೇ. ಎತ್ತರದ ಹೆಂಗಸು, ಹಸಿರು ಸೀರೆ, ಕೈ ತುಂಬ ಬಳೆ, ಹಣೆ ತುಂಬ ಭಂಡಾರ. ಆಪರೇಶನ್ನಿನಲ್ಲಿ ದವಡೆಯ ಒಂದು ಭಾಗ ತೆಗೆದಿದ್ದರಿಂದ ಮಾತು ತೊದಲುತ್ತಿತ್ತು. ಜೊತೆಗೆ ಬಂದಿದ್ದ ಬಳೆ ಮಾರುವ ಹಜರತಬೀ ಆ ಮಾತನ್ನು ಬಿಡಿಸಿ ಹೇಳುತ್ತಿದ್ದಳು. ನೇತ್ರಾವತಿ ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ತೋರಿಸಿದಾಗ ಫಕೀರಮ್ಮ ಬಹಳ ಹೊತ್ತು ಕಣ್ಣಿಟ್ಟು ನೋಡಿ ಏನೋ ಅಂದಳು. “ನನ್ನ ತಿಂದ ಮೂಳಾ ಇಲ್ಲಿ ಬಂದು ಮೈ ಬೆಳೆಸ್ಕೊಂಡೈತಿ ಅಂತಾಳ,” ಎಂದು ಹಜರತಬೀ ಹೇಳಿದಳು. ಎಲ್ಲರೂ ನಕ್ಕಿದ್ದರು. ಮರುವರ್ಷದ ಊಟಕ್ಕೆ ಫಕೀರಮ್ಮ ಇರಲಿಲ್ಲ.

ಈಗ ನೇತ್ರಾವತಿಯ ಮೊದಲ ಲೇಖನ ಸಿದ್ಧವಾಗಿತ್ತು. ಅಚ್ಚು ಹಾಕುವ ಮುಂಚೆ ಕೋಶಗಳ ಡಿಎನ್‌ಎ ಗುರುತು ಪರೀಕ್ಷೆ ಮಾಡಿಸಿ ಕಳಿಸಿ ಎಂದು ಪತ್ರಿಕೆಯವರು ಕೇಳಿದರು. ಹಿಂದೆ ಇದೇ ಕೋಶಗಳ ಮೇಲೆ ಕೆಲಸ ಮಾಡಿದ್ದ ಬಸವಕುಮಾರನ ಲೇಖನಕ್ಕೆ ಯಾರೂ ಇದನ್ನು ಕೇಳಿರಲಿಲ್ಲ. ಅವಳು ಹೈದರಾಬಾದಿಗೆ ಮಾದರಿ ಕಳಿಸಿದಳು. ವರದಿ ಬಂತು. ಕೋಶಗಳಲ್ಲಿ ವೈ ಕ್ರೋಮೋಸೋಮ್ ಇತ್ತು. ಎಂದರೆ ಅವು ಗಂಡಸಿನವು.

ತನ್ನ ಕೈಯಲ್ಲೇ ತಪ್ಪಾಗಿರಬೇಕು ಎಂದುಕೊಂಡಳು. ಬೇರೆ ಕೋಶಗಳ ಒಂದು ಹನಿ ಬಾಟಲಿಗೆ ಬಿದ್ದರೂ ಸಾಕು, ಜೋರಾಗಿ ಬೆಳೆಯುವವು ಉಳಿದವನ್ನು ನುಂಗಿಬಿಡುತ್ತವೆ. ಅದಕ್ಕೇ ಶುರುವಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ, ತಾನು ಸೇರುವುದಕ್ಕೂ ಮೊದಲಿನ ಮಾದರಿಯನ್ನು ತೆಗೆದು ಕಳಿಸಿದಳು. ಅದೂ ಗಂಡೇ. ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಸುವ ಯಾವ ಕೋಶಗಳ ಜೊತೆಗೂ ಹೊಂದುತ್ತಿರಲಿಲ್ಲ. ಕೇಂದ್ರದ ಬೇರೆ ಕೋಶಗಳ ಜೊತೆಗೂ ಇಲ್ಲ. ಯಾರೋ ಒಬ್ಬ ಗಂಡಸು, ಅವನ ಗುರುತು ಯಾರಿಗೂ ಇಲ್ಲ.

ಆ ಮಾದರಿಯನ್ನು ಹೆಪ್ಪುಗಟ್ಟಿಸಿದವನು ಬಸವಕುಮಾರ. ಅವಳಿಗಿಂತ ಹಿರಿಯ ವಿದ್ಯಾರ್ಥಿ. ಸಿದ್ದಾಪುರ-ಒಂದನ್ನು ಬೆಳೆಸಿದ್ದಕ್ಕೇ ಅವನಿಗೆ ಡಾಕ್ಟರೇಟ್ ಬಂದಿತ್ತು, ಈಗ ಅಲ್ಲಿಯೇ ನೌಕರಿ. ಅವನ ಪ್ರಬಂಧದಲ್ಲಿ ಹೆಸರು ತಂದುಕೊಟ್ಟ ಅಧ್ಯಾಯವೇ ಹೆಂಗಸರ ಬಾಯಿಯ ಕ್ಯಾನ್ಸರ್ ಔಷಧಿಗೆ ಹೇಗೆ ಬೇರೆ ರೀತಿ ಬಗ್ಗುತ್ತದೆ ಎಂಬುದು. ರೋಗಿಯಿಂದ ತೆಗೆದ ತುಣುಕು ಬಾಟಲಿಯಲ್ಲಿ ಬದುಕುವುದು ಅಪರೂಪ. ಫಕೀರಮ್ಮನದು ಸತ್ತುಹೋಗಿದ್ದರೆ? ಗಡುವು ಹತ್ತಿರ ಬಂದಾಗ ಇವನು ಯಾವನೋ ಗಂಡಸಿನ ಗಂಟನ್ನು ಬೆಳೆಸಿ ಅವಳ ಹೆಸರು ಅಂಟಿಸಿದ್ದರೆ? ಒಮ್ಮೆ ಹಾಗೆ ಅನಿಸಿದ ಮೇಲೆ ಅವನು ನಕ್ಕಿದ್ದು, ಸುಮ್ಮನಿದ್ದದ್ದು, ಚಹಾಕ್ಕೆ ಕರೆದದ್ದು ಎಲ್ಲವೂ ಅವಳಿಗೆ ಬೇರೆಯೇ ಕಾಣತೊಡಗಿತು.

ವರದಿಗಳನ್ನು ಹಿಡಿದು ಅವಳು ಭವಾನಿಯವರ ಕೋಣೆಗೆ ಹೋದಳು. ಅವರು ಓದಿದರು. ಇನ್ನೊಮ್ಮೆ ಓದಿದರು.

“ಯಾರ ಯಾರಿಗೆ ಹೇಳೀದಿ?”

“ಯಾರಿಗೂ ಹೇಳಿಲ್ರಿ ಮೇಡಂ.”

“ಬಸವಕುಮಾರಗ?”

“ಇಲ್ರಿ.”

“ಹೇಳಬ್ಯಾಡ. ಇವನ್ನ ನನ್ ಕಡೆ ಬಿಟ್ಟ ಹೋಗು.” ಕಾಗದಗಳನ್ನು ಮೇಜಿನ ಖಾನೆಯೊಳಗೆ ಹಾಕಿ ಬೀಗ ತಿರುವಿದರು. “ನಿನ್ನ ಕೈಯಾಗ ತಪ್ಪಾಗಿಲ್ಲ ಅಂತ ಎಷ್ಟು ಖಾತ್ರಿ ಐತಿ ನಿನಗ?”

ಸಂಶಯ ಪಡಿ ಎಂದು ಕಲಿಸಿದವರು ಸಂಶಯವನ್ನು ಹೊತ್ತುತಂದ ಕೂಡಲೇ ಅದಕ್ಕೆ ಬೀಗ ಹಾಕಿದ್ದರು. ನೇತ್ರಾವತಿ ಬರಿಗೈಯಲ್ಲಿ ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಮಾದರಿ ಇಡುವ ಕೋಣೆಯ ಬಾಗಿಲು ಅವಳ ಕಾರ್ಡಿಗೆ ತೆರೆಯಲಿಲ್ಲ. ಕಚೇರಿಯಲ್ಲಿ ಕೇಳಿದರೆ, “ಮೇಡಂ ಬಂದ್ ಮಾಡಿಸ್ಯಾರ್ರಿ,” ಎಂದರು. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಪೆಟ್ಟಿಗೆಯೊಳಗಿನ ತನ್ನ ಬಾಟಲಿಗಳಲ್ಲಿ ಒಂದು ಜಾಗ ಬದಲಿಸಿತ್ತು. ತಾನು ಯಾವಾಗಲೂ ಹೆಸರಿನ ಬದಿಯನ್ನು ಮುಂದಕ್ಕೆ ಮಾಡಿ ಇಡುವವಳು. ಅದು ಹಿಂದುಮುಂದಾಗಿತ್ತು. ಆಚೆ ಮೇಜಿನಲ್ಲಿದ್ದ ಬಸವಕುಮಾರ ತಲೆ ಎತ್ತಲಿಲ್ಲ. ಅಂದು ಅವನು ಚಹಾಕ್ಕೂ ಕರೆಯಲಿಲ್ಲ.

ಇಬ್ಬರೂ ಕೂಡಿಯೇ ಇದನ್ನು ಮುಚ್ಚುತ್ತಿದ್ದಾರೆ ಎಂದು ಅವಳಿಗೆ ಖಚಿತವಾಯಿತು. ತನ್ನ ನಾಲ್ಕು ವರ್ಷದ ಕೆಲಸವೂ ಅದರೊಳಗೇ ಮುಚ್ಚಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿಂತ ಆ ಎತ್ತರದ ಹೆಂಗಸು. ಯಾರದೋ ಕೋಶಗಳನ್ನು ತೋರಿಸಿ, ಇದು ನಿನ್ನದು ಅಂದೆನಲ್ಲ ಎಂದು ಅವಳಿಗೆ ಸಂಕಟವಾಯಿತು.

ಮುಂದಿನ ವಾರದ ರವಿವಾರ ಅವಳು ಯಾರಿಗೂ ಹೇಳದೆ ಗಂಗಾವತಿ ಬಸ್ ಹತ್ತಿದಳು. ಅನುಮತಿ ಇಲ್ಲದೆ ರೋಗಿಯ ಮನೆಗೆ ಹೋಗುವುದು ತಪ್ಪೆಂದು ಗೊತ್ತಿತ್ತು. ಮಾದರಿ ತೆಗೆಯುವ ಕಡ್ಡಿ, ಡಬ್ಬಿ ಏನನ್ನೂ ಒಯ್ಯಲಿಲ್ಲ. ಫಕೀರಮ್ಮನಿಗೆ ರಕ್ತಸಂಬಂಧಿಗಳು ಇದ್ದಾರೆಯೇ ಎಂದಷ್ಟೇ ತಿಳಿಯಬೇಕಿತ್ತು. ಗಂಗಾವತಿ ದಾಟಿದ ಮೇಲೆ ಕಾಲುವೆ ನೀರು ನಿಂತ ಗದ್ದೆಗಳು, ಅಕ್ಕಿ ಗಿರಣಿಗಳ ಹೊಗೆ, ನಾಟಿಗೆ ಹೊರಟ ಆಳುಗಳನ್ನು ತುಂಬಿಕೊಂಡ ಆಟೋಗಳು. ಸಿದ್ದಾಪುರದಲ್ಲಿ ಇಳಿದು ಬಳೆ ಹಜರತಬೀ ಮನೆ ಕೇಳಿದರೆ ತೋರಿಸದವರಿಲ್ಲ.

ಹಜರತಬೀ ಕಟ್ಟೆಯ ಮೇಲೆ ಬಳೆಗಳನ್ನು ಹಗ್ಗಕ್ಕೆ ಪೋಣಿಸುತ್ತ ಕೂತಿದ್ದಳು. ಗುರುತು ಹಿಡಿದಳು, ಆದರೆ ನಗಲಿಲ್ಲ.

“ಮತ್ತ ಯಾಕ ಬಂದಿ? ಆಕಿನ್ನ ಮಣ್ಣ ಮಾಡಿ ವರ್ಷ ಆತು. ಕೊಯ್ಕೊಳ್ಳಾಕ ಇನ್ನೇನೂ ಉಳದಿಲ್ಲ.”

“ಸುಮ್ನ ಮಾತಾಡ್ಸಿಕೊಂಡ ಹೋಗೋಣಂತ ಬಂದ್ನಿರಿ.”

“ಕೊಪ್ಪಳದಿಂದ ಎರಡ ಬಸ್ ಹತ್ತಿ ಸುಮ್ನ ಯಾರೂ ಬರಂಗಿಲ್ಲ. ಖರೇ ಹೇಳಿದ್ರ ಕುಂದ್ರು, ಇಲ್ಲಾಂದ್ರ ಬಂದ ದಾರಿ ಹಿಡಿ.”

ನೇತ್ರಾವತಿ ಕೂತಳು. ಖರೇ ಹೇಳಿದಳು. ಬಾಟಲಿಯಲ್ಲಿ ಬೆಳೆಯುತ್ತಿರುವುದು ಯಾವನೋ ಗಂಡಸಿನ ಗಂಟು ಎಂದು ಪರೀಕ್ಷೆಯಲ್ಲಿ ಬಂದಿದೆ, ಯಾರೋ ಫಕೀರಮ್ಮನ ಹೆಸರಲ್ಲಿ ಮೋಸ ಮಾಡಿದ್ದಾರೆ, ಅದನ್ನು ಹಿಡಿಯಬೇಕಾಗಿದೆ ಎಂದಳು. ಹಜರತಬೀಯ ಕೈಯಲ್ಲಿದ್ದ ಬಳೆಗಳ ಸದ್ದು ನಿಂತಿತು. ಅವಳು ಹುಡುಗಿಯ ಮುಖವನ್ನೇ ನೋಡಿದಳು.

“ಖರೇನ ನಿಮಗ ಗೊತ್ತಿಲ್ಲೇನು?”

“ಏನು?”

“ಏನಂತ ನನ್ನ ಬಾಯಿಂದ ಹೇಳಿಸ್ತಿ? ಊರಿಗೆ ಊರ ಗೊತ್ತೈತಿ.” ದನಿ ತಗ್ಗಿಸಿದಳು. “ಹುಟ್ಟಿದಾಗ ಫಕೀರಪ್ಪ ಅಂತ ಹೆಸರಿಟ್ಟಿದ್ರು. ಹರೇದಾಗ ಮೈಮ್ಯಾಲೆ ಅಮ್ಮ ಬಂದ್ಳು. ಹುಲಿಗಿ ಅಮ್ಮನ ಗುಡಿಗೆ ಹೋಗಿ ದೇವಿ ಹೆಸರಲೆ ಮುತ್ತ ಕಟ್ಟಿಸ್ಕೊಂಡು ಸೀರಿ ಉಟ್ಟು ಬಂದ್ಳು. ಅವತ್ತಿಂದ ಆಕಿ ಫಕೀರಮ್ಮ. ಜೋಗಮ್ಮ. ಮೊದಲ ಸಲ ಹಸರ ಬಳಿ ಇಡಿಸಿದಾಕಿ ನಾನ. ಕಾರ್ಡಿನಾಗೂ ಹೆಣ್ಣಂತನ ಇತ್ತು. ದವಾಖಾನ್ಯಾಗ ಬಾಯಿ ತೆಗಿ ಅಂದ್ರು, ತೆಗದ್ಳು. ಬ್ಯಾರೆ ಏನೂ ಯಾರೂ ಕೇಳ್ಲಿಲ್ಲ.”

ನೇತ್ರಾವತಿ ಅಂದಿನ ಊಟದ ದಿನವನ್ನು ನೆನೆದಳು. ಭಂಡಾರದ ಹಣೆ, ಎತ್ತರದ ಮೈ, ಆ ಹಸಿರು ಸೀರೆ. ಯಲಬುರ್ಗಾ ಕಡೆಯವಳು ತಾನು, ಚಿಕ್ಕಂದಿನಿಂದ ಜೋಗಮ್ಮರನ್ನು ನೋಡಿದವಳು. ಅಂದು ಮಾತ್ರ ಅವಳಿಗೆ ಕಂಡದ್ದು ಒಬ್ಬ ರೋಗಿ.

ಹಜರತಬೀ ಈಗ ಎದ್ದು ನಿಂತಿದ್ದಳು. ಹೇಳಿದ್ದಕ್ಕೆ ಪಶ್ಚಾತ್ತಾಪವಾದಂತಿತ್ತು. “ಇದನ್ನ ತಗೊಂಡು ಏನ್ ಮಾಡ್ತಿ ನೀನು? ಪೇಪರ್‌ನಾಗ ಹಾಕ್ತಿಯೇನು? ಗಂಡಸು ಅಂತ ಬರೀತಿಯೇನು? ಸಾಯೂಮಟ ಯಾರೂ ಆಕಿನ್ನ ಹಂಗ ಕರೀಲಿಲ್ಲ, ಸತ್ತ ಮ್ಯಾಲೆ ನೀವ ಕರೀತೀರಿ?”

“ಇಲ್ರಿ. ನಿಮ್ಮನ್ನ ಕೇಳದ ಏನೂ ಬರಿಯಂಗಿಲ್ಲ.”

“ಎಲ್ಲಾರೂ ಹಂಗ ಅಂತಾರ.”

ಕಟ್ಟೆ ಇಳಿಯುವ ಮುಂಚೆ ನೇತ್ರಾವತಿ ಕೇಳಿದ್ದು ಒಂದೇ. ಒಡಹುಟ್ಟಿದವರು ಇದ್ದಾರೆಯೇ? ತಮ್ಮ ಒಬ್ಬನಿದ್ದಾನೆ, ದ್ಯಾವಪ್ಪ, ಗಿರಣಿಯಲ್ಲಿ ಹಮಾಲಿ ಮಾಡುತ್ತಾನೆ, ಅಕ್ಕ ಸೀರೆ ಉಟ್ಟ ದಿನದಿಂದ ಮಾತು ಬಿಟ್ಟಿದ್ದ, ಮಣ್ಣಿಗೂ ಬರಲಿಲ್ಲ ಎಂದಳು ಹಜರತಬೀ.

ತಿರುಗಿ ಬರುವ ಬಸ್ಸಿನಲ್ಲಿ ನೇತ್ರಾವತಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಹಜರತಬೀ ಹೇಳಿದ್ದು ನಿಜವಿರಬಹುದು. ಹಾಗೆಂದು ಬಾಟಲಿಯ ಕೋಶಗಳು ಫಕೀರಮ್ಮನವೇ ಎಂದು ಸಾಬೀತಾಯಿತೇ? ಜೋಗಮ್ಮನ ತುಣುಕು ಸತ್ತು, ಬೇರೆ ಗಂಡಸಿನದು ಅಲ್ಲಿ ಸೇರಿರಬಾರದೇಕೆ? ಈ ಉತ್ತರದಿಂದ ಎಲ್ಲರೂ ಪಾರಾಗುತ್ತಿದ್ದರು. ಅದಕ್ಕೇ ಅವಳಿಗೆ ಅದರ ಮೇಲೂ ನಂಬಿಕೆ ಬರಲಿಲ್ಲ.

ಸೋಮವಾರ ಅವಳು ನೇರ ಭವಾನಿಯವರ ಮುಂದೆ ನಿಂತಳು. ಹೋದದ್ದನ್ನೂ ಕೇಳಿದ್ದನ್ನೂ ಹೇಳಿದಳು. ಕೇಂದ್ರದಿಂದ ತೆಗೆಯುತ್ತಾರೆ ಎಂದೇ ತಿಳಿದಿದ್ದಳು. ಭವಾನಿಯವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ಅನುಮತಿ ಇಲ್ದ ಹೋಗಿದ್ದು ತಪ್ಪು. ಅದನ್ನ ಎಥಿಕ್ಸ್ ಕಮಿಟಿಗೆ ನಾನ ಹೇಳಬೇಕಾಗ್ತೈತಿ.” ಕನ್ನಡಕವನ್ನು ಮತ್ತೆ ಹಾಕಿಕೊಂಡು, “ನನ್ನ ಮ್ಯಾಲೆ ಸಂಶಯ ಇತ್ತೇನು?” ಎಂದರು.

“ಇತ್ರಿ. ಬಾಗಲ ಬಂದ್ ಮಾಡಿಸಿದ್ರಿ.”

“ನಿನಗೊಬ್ಬಾಕಿಗೆ ಅಲ್ಲ. ಬಸವಕುಮಾರಗೂ, ನನಗೂ ಬಂದ್ ಮಾಡಿಸೀನಿ. ಕೀಲಿ ಡೈರೆಕ್ಟರ್ ಕಡೆ ಐತಿ. ಯಾರ ಕೈಯಾಗ ತಪ್ಪಾಗೈತಂತ ಗೊತ್ತಾಗೂಮಟ ಯಾರೂ ಮುಟ್ಟಬಾರದಂತ.” ಖಾನೆಯ ಬೀಗ ತೆಗೆದು ಇನ್ನೊಂದು ವರದಿ ಹೊರಗಿಟ್ಟರು. “ಬಸವಕುಮಾರನ್ನ ಕರದು ನಾನ ಕೇಳಿದ್ನಿ, ಅಂವಾ ನಿನ್ನ ಮ್ಯಾಲೆ ಸಂಶಯ ಪಟ್ಟ. ನಿನ್ನ ಬಾಟ್ಲಿಯಿಂದ ಹನಿ ತಗದು ತಾನ ಬ್ಯಾರೆ ಕಡೆ ಕಳಿಸ್ಯಾನ. ಅಲ್ಲೂ ಗಂಡ ಬಂದೈತಿ.”

ಹೇಳದೆ ಕೇಳದೆ ತನ್ನ ಬಾಟಲಿಗೆ ಕೈ ಹಾಕಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ತಾನು ಮಾಡಿದ್ದೂ ಅದಕ್ಕಿಂತ ಸಣ್ಣ ತಪ್ಪೇನಲ್ಲ ಎನಿಸಿ ಸಿಟ್ಟನ್ನು ನುಂಗಿಕೊಂಡಳು.

ಕಮಿಟಿಯವರು ನೇತ್ರಾವತಿಗೆ ಎಚ್ಚರಿಕೆ ಕೊಟ್ಟರು, ಆಮೇಲೆ ತಮ್ಮನ ಬಾಯಿಯ ಮಾದರಿ ಕೇಳಲು ಒಪ್ಪಿಗೆಯನ್ನೂ ಕೊಟ್ಟರು. ವೈ ಕ್ರೋಮೋಸೋಮ್ ತಂದೆಯಿಂದ ಗಂಡಾಗಿ ಹುಟ್ಟಿದ ಮಕ್ಕಳಿಗೆ ಹೆಚ್ಚು ಬದಲಾಗದೆ ಬರುತ್ತದೆ. ಕೋಶಗಳು ಫಕೀರಮ್ಮನವೇ ಆಗಿದ್ದರೆ ದ್ಯಾವಪ್ಪನದಕ್ಕೂ ಅವಕ್ಕೂ ಹೊಂದಲೇಬೇಕು.

ಗಿರಣಿಯ ಮುಂದೆ, ಲಾರಿಯ ನೆರಳಿನಲ್ಲಿ ನಿಂತು ದ್ಯಾವಪ್ಪ ಭವಾನಿಯವರ ಮತ್ತು ನೇತ್ರಾವತಿಯ ಮಾತು ಕೇಳಿದ. ಹೆಗಲ ಮೇಲೆ ಚೀಲದ ಗುರುತು, ಬಾಯಲ್ಲಿ ಎಲೆಯಡಿಕೆ.

“ನನಗ ಅಣ್ಣಾನೂ ಇಲ್ಲ, ಅಕ್ಕಾನೂ ಇಲ್ಲ,” ಎಂದ. “ಮಗಳಿಗೆ ಗಂಡ ನೋಡಾಕತ್ತೀನಿ. ಹಳೇದನ್ನೆಲ್ಲಾ ಅಗದು ಯಾರ ಕೈಯಾಗ ಕೊಡ್ತೀರಿ? ಹೋಗ್ರಿ.”

ಭವಾನಿಯವರು ಒತ್ತಾಯ ಮಾಡಲಿಲ್ಲ. ಆದರೆ ಕಾರು ಹತ್ತುವಾಗ ನೇತ್ರಾವತಿ ತಿರುಗಿ, “ಹೆಸರು ಎಲ್ಲೂ ಬರಂಗಿಲ್ರಿ. ಬೇಕಂದ್ರ ಒಮ್ಮೆ ಬಂದು ನೋಡ್ರಿ. ಆ ಕೋಶ ಅಲ್ಲಿ ಇನ್ನೂ ಜೀವಂತ ಅದಾವ,” ಎಂದಳು. ಅವನು ಉಗುಳಿ ಬೇರೆ ಕಡೆ ನೋಡಿದ.

ನಾಟಿ ಮುಗಿಯುವ ಹೊತ್ತಿಗೆ, ನೇತ್ರಾವತಿ ಆಸೆ ಬಿಟ್ಟು ಬೇರೆ ಕೋಶಗಳ ಮೇಲೆ ಕೆಲಸ ಶುರು ಮಾಡಿದ ಮೇಲೆ, ಒಂದು ದಿನ ಕಾವಲುಗಾರ ಬಂದು ಕೆಳಗೆ ಯಾರೋ ಕಾಯುತ್ತಿದ್ದಾರೆ ಎಂದ. ದ್ಯಾವಪ್ಪ ಒಗೆದ ಅಂಗಿ ತೊಟ್ಟು ಬಂದಿದ್ದ. ಕೂರಲಿಲ್ಲ.

“ಮೊದ್ಲ ತೋರ್ಸು. ಆಮ್ಯಾಲೆ ಮಾತು.”

ಅವಳು ತೋರಿಸಿದಳು. ಅಕ್ಕ ನಿಂತಿದ್ದ ಜಾಗದಲ್ಲೇ ಅವನೂ ಬಗ್ಗಿ ನಿಂತ. ನೆಲಕ್ಕೆ ಹಾಸಿದ ಕಲ್ಲುಗಳ ಹಾಗೆ ಒತ್ತಿಕೊಂಡು ಕೂತಿದ್ದವು ಕೋಶಗಳು. ಒಂದು ಮಾತ್ರ ಉಬ್ಬಿ, ನಡು ಸಣ್ಣಗಾಗಿ, ಎರಡಾಗುವುದರಲ್ಲಿತ್ತು.

“ಇದು ಆಕಿಂದು ಅಂತ ನನಗ ಹೆಂಗ ಗೊತ್ತಾಗಬೇಕು?” ಎಂದ ಕಣ್ಣು ತೆಗೆಯದೆ.

“ನಮಗೂ ಗೊತ್ತಿಲ್ರಿ. ನೀವು ಬಾಯಿ ತೋರಿಸಿದ್ರ ಇಬ್ರಿಗೂ ಗೊತ್ತಾಗ್ತೈತಿ.”

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೊರಗೆ ಹೋಗಿ ಬಾಯಿ ತೊಳೆದುಕೊಂಡು ಬಂದು, ಭವಾನಿಯವರು ಒಪ್ಪಿಗೆಯ ಮಾತುಗಳನ್ನೆಲ್ಲ ಓದಿ ಹೇಳುವವರೆಗೂ ತಾಳ್ಮೆಯಿಂದ ನಿಂತು, ಕುರ್ಚಿಯಲ್ಲಿ ಕೂತು ಬಾಯಿ ತೆರೆದ. ನೇತ್ರಾವತಿ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸುವಾಗ ಕ್ಯಾನ್ಸರಿಗೆ ಮುಂಚೆ ಬರುವಂಥ ಬಿಳಿ ಕಲೆ ಅಲ್ಲಿ ಕಾಣುತ್ತದೆಯೋ ಎಂದು ಅಂಜಿ ನೋಡಿದಳು. ಇರಲಿಲ್ಲ. ಆದರೂ ಎಲೆಯಡಿಕೆ ಬಿಡಬೇಕು ಎಂದಳು. “ಆತು ಬಿಡು,” ಎಂದ ಅವನು. ಬಿಡುತ್ತಾನೆಂದು ಅವಳಿಗೆ ಅನಿಸಲಿಲ್ಲ.

ಮಾದರಿಯನ್ನು ಎರಡು ಬೇರೆ ಬೇರೆ ಕಡೆ, ಯಾರದೆಂದು ಹೇಳದೆ ಕಳಿಸಿದರು. ಎರಡೂ ಕಡೆಯಿಂದ ಒಂದೇ ಉತ್ತರ. ತಂದೆ ಕಡೆಯ ಗುರುತುಗಳೆಲ್ಲ ಹೊಂದುತ್ತವೆ, ಉಳಿದವೂ ಒಡಹುಟ್ಟಿದವರಲ್ಲಿ ಇರಬೇಕಾದಂತೆಯೇ ಇವೆ. ಬಾಟಲಿಯಲ್ಲಿದ್ದದ್ದು ಮೊದಲಿನಿಂದಲೂ ಫಕೀರಮ್ಮನೇ.

ಬಸವಕುಮಾರ ವರದಿ ಓದಿ ತನ್ನ ಪ್ರಬಂಧವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಮೋಸದ ಕಳಂಕ ಹೋಗಿತ್ತು, ಆದರೆ ಹೆಂಗಸರ ಕೋಶಗಳೆಂದು ನಂಬಿ ಬರೆದ ಅವನ ಅಧ್ಯಾಯ ಇನ್ನು ನಿಲ್ಲುವಂತಿರಲಿಲ್ಲ. ತಿದ್ದುಪಡಿಯನ್ನು ಅವನೇ ಬರೆಯಬೇಕು. “ಮೋಸ ಮಾಡ್ಯಾನಂತ ಅನ್ಕೊಂಡಿದ್ಯಲ್ಲ ನನ್ನ,” ಎಂದ ನೇತ್ರಾವತಿಗೆ.

“ಅನ್ಕೊಂಡಿದ್ನಿ.”

“ನಾನೂ ಅನ್ಕೊಂಡಿದ್ನಿ. ನೀ ಕೋಶ ಬೆರಸಿ ನನ್ನ ಮ್ಯಾಲೆ ಹಾಕಾಕತ್ತೀದಿ ಅಂತ.” ಅವನು ನಗಲು ನೋಡಿದ, ಆಗಲಿಲ್ಲ. ಅಂದಿನಿಂದ ಚಹಾಕ್ಕೆ ಕೂಡಿಯೇ ಹೋಗುತ್ತಿದ್ದರು. ಮೊದಲಿನ ಸಲಿಗೆ ಮಾತ್ರ ಬರಲಿಲ್ಲ.

ತಿದ್ದುಪಡಿಯ ಒಂದು ವಾಕ್ಯದ ಹತ್ತಿರ ಮೂವರೂ ನಿಂತುಬಿಟ್ಟರು. ರೋಗಿಯನ್ನು ಏನೆಂದು ಬರೆಯುವುದು? ಗಂಡು ಎಂದು ಬರೆದರೆ ಪತ್ರಿಕೆಯವರ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ನೇತ್ರಾವತಿ ಒಪ್ಪಲಿಲ್ಲ, ಕೊಟ್ಟ ಮಾತು ಹೇಳಿದಳು. ಭವಾನಿಯವರು ದ್ಯಾವಪ್ಪನಿಗೆ ಫೋನ್ ಮಾಡಿ, ರಕ್ತಸಂಬಂಧಿ ನೀವು, ಹೇಗೆ ಬರೆಯೋಣ ಎಂದು ಕೇಳಿದರು. ಆಚೆ ಗಿರಣಿಯ ಸದ್ದು ಕೇಳುತ್ತಿತ್ತು.

“ನನ್ನೇನ ಕೇಳ್ತೀರಿ ಬಾಯಾರ,” ಎಂದ ಅವನು ಕೊನೆಗೆ. “ಕಡೀತನಕ ಉಣ್ಣಾಕ ಹಾಕಿದಾಕಿ, ಮೈ ತೊಳದಾಕಿ ಬಳಿ ಹಜರತಬೀ. ಆಕಿನ್ನ ಕೇಳ್ರಿ.”

ಹೀಗಾಗಿ ನೇತ್ರಾವತಿ ಮತ್ತು ಬಸವಕುಮಾರ ಒಂದು ಮಧ್ಯಾಹ್ನ ಸಿದ್ದಾಪುರದ ಆ ಕಟ್ಟೆಯ ಮೇಲೆ ಕೂತರು. ನೇತ್ರಾವತಿ ಕಾಗದ ತೆಗೆದು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿದಳು: “ಈ ಕೋಶಗಳು ಕೊಪ್ಪಳ ಜಿಲ್ಲೆಯ ಒಬ್ಬ ಹೆಂಗಸಿನವು. ಆಕೆ ಜೋಗಮ್ಮ. ಹುಟ್ಟಿನಿಂದ ಬಂದ ವೈ ಕ್ರೋಮೋಸೋಮ್ ಆಕೆಯ ಕೋಶಗಳಲ್ಲಿದೆ.”

“ಹೆಸರು?”

“ಹೆಸರಿಲ್ರಿ. ಊರಿನ ಹೆಸರ ಮೊದಲಿಂದ ಐತಿ, ಅದಷ್ಟ ಇರ್ತೈತಿ.”

“ಹೆಂಗಸು ಅಂತನ ಐತಲ್ಲ?”

“ಐತ್ರಿ. ಮೊದಲ ಸಾಲಿನ್ಯಾಗ.”

ಹಜರತಬೀ ಅವಳ ಮುಖ ನೋಡಿದಳು, ತನಗೆ ಓದಲು ಬಾರದ ಆ ಕಾಗದ ನೋಡಿದಳು. ಆಮೇಲೆ ಕಾಗದ ಕಸಿದುಕೊಂಡು ಬಸವಕುಮಾರನಿಗೆ, “ನೀ ಎದ್ದ ಬಾ ಇಲ್ಲಿ,” ಎಂದು ಅವನನ್ನು ಮನೆಯ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ನೇತ್ರಾವತಿಗೆ ಒಳಗಿನಿಂದ ಅವನ ದನಿ ಕೇಳಿಸಿತು. ತಡವರಿಸುತ್ತ, ತನ್ನ ತಿದ್ದುಪಡಿಯ ಆ ಸಾಲುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದ. ಒಂದು ಕಡೆ ಓದು ನಿಂತಿತು. “ಮುಂದ ಓದು,” ಎಂದಳು ಹಜರತಬೀ. ಅವನು ಓದಿದ.

ಬಾಗಿಲು ತೆರೆಯಿತು. “ಬ್ಯಾರೆ ಬ್ಯಾರೆ ಓದಿಸಿದ್ರೂ ಇಬ್ರೂ ಒಂದ ನಮೂನಿ ಓದೀರಿ,” ಎಂದಳು ಅವಳು. “ಕಳಸ್ರಿ ಹಂಗಾರ.” ಕಾಗದವನ್ನು ನೇತ್ರಾವತಿಯ ಕೈಗೆ ಕೊಟ್ಟು ಚಹಾಕ್ಕೆ ಒಲೆ ಹಚ್ಚಲು ಒಳಗೆ ಹೋದಳು.